ಈರುಳ್ಳಿ ಸಿಪ್ಪೆಗೆ ಏಳು ಪೆನ್ಸಿಲು

ಅಮ್ಮ ಸೀರೆ ಅಂಗಡಿಯಲ್ಲಿ ‘ಪಿಂಕ್’ ಎಂಬ ಮಾತನ್ನು ಆಡಿದ್ದನ್ನು ನಾನು ಕೇಳಿಲ್ಲ. ಮುಂಬಯಿಯ ಮಾಟುಂಗಾದ ಅಂಗಡಿಯ ಬಿಳಿ ಹಾಸಿನ ಅಂಚಿನಲ್ಲಿ ಕುಳಿತು, ‘ಈರುಳ್ಳಿ ಸಿಪ್ಪೆ ಬಣ್ಣದ್ದು ತೋರಿಸಿ, ಅಂಚು ಅಡಿಕೆ ಬಣ್ಣದ್ದಾದರೆ ಒಳ್ಳೆಯದು’ ಎನ್ನುತ್ತಾಳೆ. ಪಕ್ಕದಲ್ಲಿ ಕುಳಿತ ಮರಾಠಿ ಮಹಿಳೆ ಅದೇ ಹೊತ್ತಿಗೆ ‘ಆಮಸುಲಿ’ ಕೇಳುತ್ತಿರುತ್ತಾರೆ, ಅಂದರೆ ನಮ್ಮ ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ, ಒಣ ಸಿಪ್ಪೆಯ ಬಣ್ಣ. ಅಂಗಡಿಯವರಿಗೆ ಎರಡೂ ಭಾಷೆ, ಎರಡೂ ಬಣ್ಣ ಗೊತ್ತು. ಕೈ ನೇರವಾಗಿ ಸರಿಯಾದ ಕಪಾಟಿಗೇ ಹೋಗುತ್ತದೆ. ಚಿಕ್ಕಂದಿನಿಂದ ಕೇಳುತ್ತ ಬಂದ ಈ ಮಾತುಕತೆ ನನ್ನ ಬಣ್ಣದ ಪೆನ್ಸಿಲಿನ ಚಿತ್ರಗಳಿಗೆ ವಸ್ತು ಒದಗಿಸಬಲ್ಲದು ಎಂದು ಹೊಳೆದದ್ದು ಮಾತ್ರ ನಲವತ್ತು ದಾಟಿದ ಮೇಲೆ.

ಶಾಲೆಯ ದಿನಗಳಲ್ಲಿ ನನ್ನ ಬಳಿ ಇದ್ದದ್ದು 12 ಪೆನ್ಸಿಲುಗಳ ಕ್ಯಾಮ್ಲಿನ್ ಪೆಟ್ಟಿಗೆ. ಆ ಕಂಪನಿ 1931ರಲ್ಲಿ ಇದೇ ಮುಂಬಯಿಯಲ್ಲಿ ಶಾಯಿ ತಯಾರಿಕೆಯಿಂದ ಶುರುವಾದದ್ದು ಎಂಬ ಸಂಗತಿ ಆಗ ತಿಳಿದಿರಲಿಲ್ಲ. ಪೆಟ್ಟಿಗೆಯಲ್ಲಿ ಹಸಿರು ಮೊದಲು ಮುಗಿಯುತ್ತದೆ, ಬಿಳಿ ಎಂದಿಗೂ ಮುಗಿಯುವುದಿಲ್ಲ ಎಂಬುದಷ್ಟೇ ತಿಳಿದಿತ್ತು. ಆಮೇಲೆ ಬಹಳ ವರ್ಷ ಪೆನ್ಸಿಲು ಹಿಡಿಯಲಿಲ್ಲ. ಮಗಳು ಕಾಲೇಜಿಗೆ ಸೇರಿದ ವರ್ಷ, ಸ್ವಲ್ಪ ಧೈರ್ಯ ಮಾಡಿ, ಫೇಬರ್-ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್ ಪೆನ್ಸಿಲುಗಳ 60ರ ಪೆಟ್ಟಿಗೆ ಕೊಂಡೆ. ಪೂರ್ತಿ ಶ್ರೇಣಿಯಲ್ಲಿ 120 ಬಣ್ಣಗಳಿವೆ. ಅದರ ಬೆಲೆ ನೋಡಿ ಅರ್ಧಕ್ಕೇ ನಿಂತೆ. ಪೆಟ್ಟಿಗೆ ತೆರೆದು ಕುಳಿತಾಗ ಎದುರಾದ ಪ್ರಶ್ನೆ ಒಂದೇ: ಏನನ್ನು ಬಿಡಿಸುವುದು?

ಮೊದಲ ವರ್ಷವೆಲ್ಲ ಬೇರೆಯವರು ತೆಗೆದ ಫೋಟೋಗಳನ್ನು ನೋಡಿ ಬಿಡಿಸಿದೆ. ಹುಲಿಯ ಕಣ್ಣು, ಪಂಚರಂಗಿ ಗಿಳಿ, ಮಂಜು ಬಿದ್ದ ಬೆಟ್ಟ. ಚಿತ್ರಗಳು ಕೆಟ್ಟದಾಗಿರಲಿಲ್ಲ, ಆದರೆ ಅವುಗಳಲ್ಲಿ ಒಂದರ ಬಗ್ಗೆಯೂ ನಾಲ್ಕು ಮಾತು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ‘ಸ್ಫೂರ್ತಿ ಬೇಕಾದರೆ ಹೊರಗೆ ಹೋಗಬೇಕು’ ಎಂದು ಯಾರೋ ಹೇಳಿದ್ದನ್ನು ನಂಬಿ, ಒಂದು ಜನವರಿಯಲ್ಲಿ ಐರೋಲಿಗೆ ಹೋಗಿ, ದೋಣಿ ಹತ್ತಿ, ಠಾಣೆ ಖಾರಿಯ ಫ್ಲೆಮಿಂಗೊಗಳನ್ನೂ ನೋಡಿ ಬಂದೆ. ಅವು ನಿಜಕ್ಕೂ ನೋಡಬೇಕಾದ ಹಕ್ಕಿಗಳು. ತಿನ್ನುವ ಪಾಚಿಯಲ್ಲೂ ಸಣ್ಣ ಜಲಚರಗಳಲ್ಲೂ ಇರುವ ಕ್ಯಾರೊಟಿನಾಯ್ಡ್‌ಗಳಿಂದಲೇ ಅವುಗಳ ಗರಿಗೆ ಆ ಬಣ್ಣ ಬರುವುದಂತೆ. ಆದರೆ ಮನೆಗೆ ಬಂದು ಕಾಗದದ ಮುಂದೆ ಕುಳಿತಾಗ, ಕೆಸರಿನ ಮೇಲೆ ದೂರದಲ್ಲಿ ಎಳೆದ ಗುಲಾಬಿ ಪಟ್ಟಿಯೊಂದನ್ನು ಬಿಟ್ಟರೆ ನಾನು ಬೇರೇನನ್ನೂ ನೋಡಿರಲಿಲ್ಲವೆಂದು ಗೊತ್ತಾಯಿತು. ಬಣ್ಣದ ಪೆನ್ಸಿಲಿನ ಮೊನೆ ಚಿಕ್ಕದು. ಅಂಗೈಯಗಲದ ಚಿತ್ರಕ್ಕೆ ಎಂಟು ಹತ್ತು ಗಂಟೆ ಬೇಡುವ ಮಾಧ್ಯಮವದು. ಅಷ್ಟು ಹೊತ್ತು ಎದುರಿಗೆ ಕುಳಿತಿರಬಲ್ಲ ವಸ್ತು ಅದಕ್ಕೆ ಬೇಕು, ಮತ್ತು ಖಾರಿಯ ಹಕ್ಕಿಗೆ ಅಂಥ ಸಹನೆ ಇರುವುದಿಲ್ಲ.

ಆಮೇಲಿನ ಒಂದು ಭಾನುವಾರ ಬೆಳಿಗ್ಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಸಿಪ್ಪೆಯೊಂದು, ಮೇಜಿನ ಮೇಲೆ ಹಾಸಿದ್ದ ‘ಕರ್ನಾಟಕ ಮಲ್ಲ’ ಪತ್ರಿಕೆಯ ಹಾಳೆಯ ಮೇಲೆ ಬಿತ್ತು. ಸಿಪ್ಪೆ ಒಂದೇ ಪದರವಿದ್ದ ಕಡೆ ಕೆಳಗಿನ ಕನ್ನಡ ಅಕ್ಷರಗಳನ್ನು ಓದಬಹುದಾಗಿತ್ತು. ಮಡಿಕೆಬಿದ್ದು ಎರಡು ಪದರವಾದ ಕಡೆ ಅಕ್ಷರಗಳು ಮುಳುಗಿ, ಬಣ್ಣ ಕಂದುಗೆಂಪಿಗೆ ತಿರುಗಿತ್ತು. ಅಮ್ಮ ಅಂಗಡಿಯಲ್ಲಿ ಕೇಳುತ್ತಿದ್ದ ಬಣ್ಣ ಇದೇ ಅಲ್ಲವೇ ಎಂದುಕೊಂಡು ಪೆಟ್ಟಿಗೆಯಲ್ಲಿ ಅದಕ್ಕೆ ಹೊಂದುವ ಪೆನ್ಸಿಲು ಹುಡುಕಿದೆ. ಸಿಗಲಿಲ್ಲ. ಗುಲಾಬಿ ಎಂದು ಹೇಳಿಕೊಳ್ಳುವ ಯಾವ ಪೆನ್ಸಿಲೂ ಹತ್ತಿರ ಬರಲಿಲ್ಲ. ಅಡುಗೆ ಅರ್ಧಕ್ಕೆ ನಿಂತಿತು, ಮನೆಯವರಿಗೆ ಆ ದಿನ ಮಧ್ಯಾಹ್ನ ಹೋಟೆಲಿನ ಇಡ್ಲಿಯೇ ಗತಿಯಾಯಿತು.

ಆ ಸಿಪ್ಪೆ ಮುಗಿಯಲು ಮೂರು ಭಾನುವಾರ ಹಿಡಿಯಿತು. ತೊಟ್ಟಿನಿಂದ ಬುಡದವರೆಗೆ ಓಡುವ ನರಗಳನ್ನು ಬಣ್ಣ ಹಾಕುವ ಮೊದಲೇ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಕಾಗದದಲ್ಲಿ ಒತ್ತಿ ಕೊರೆದೆ. ಮೇಲೆ ಪೆನ್ಸಿಲು ಹಾಯಿಸಿದಾಗ ಮೊನೆ ಆ ತಗ್ಗಿಗೆ ಇಳಿಯದೆ, ಗೆರೆಗಳು ತಿಳಿಯಾಗಿಯೇ ಉಳಿಯುತ್ತವೆ. ಮೊದಲು ಐವರಿ, ಅದರ ಮೇಲೆ ತಿಳಿ ಹಳದಿ ಓಕರ್, ಆಮೇಲೆ ಸಿನಮನ್, ವೆನೀಷಿಯನ್ ರೆಡ್, ಮಡಿಕೆಯ ಒಳಗೆ ಮ್ಯಾಡರ್, ಅದರ ಅಂಚಿಗೆ ಒಂದಿಷ್ಟು ಕೆನ್ನೇರಳೆ, ಒಣಗಿ ಮುರುಟಿದ ತುದಿಗೆ ಬರ್ಂಟ್ ಸಿಯೆನ್ನಾ. ಒಟ್ಟು ಏಳು. ಎಲ್ಲವನ್ನೂ ಹಗುರವಾದ ಕೈಯಿಂದ, ಒಂದರ ಮೇಲೊಂದು ತೆಳ್ಳಗೆ ಹಾಯಿಸಬೇಕು, ಯಾಕೆಂದರೆ ಕಾಗದದ ಮೈಯಲ್ಲಿರುವ ಸಣ್ಣ ತರಿ ಒಮ್ಮೆ ತುಂಬಿಹೋದರೆ ಮುಂದಿನ ಪದರ ಹಿಡಿಯದೆ ಜಾರುತ್ತದೆ. ನೆರಳಿಗೆ ಕಪ್ಪು ಮುಟ್ಟಲಿಲ್ಲ. ಕಪ್ಪು ಹಾಕಿದ ನೆರಳು ಮಸಿಯ ಹಾಗೆ ಕಾಣುತ್ತದೆ. ಗಾಢ ಇಂಡಿಗೊದ ಮೇಲೆ ಅಡಿಕೆಗಂದು ಹಾಯಿಸಿದರೆ ನೆರಳಿನೊಳಗೆ ಗಾಳಿಯಾಡುತ್ತದೆ. ಆಮೇಲೆ ಓದಿ ತಿಳಿದ ಸಂಗತಿಯೆಂದರೆ, ಈರುಳ್ಳಿಯ ಕೆಂಪಿಗೆ ಆಂಥೊಸಯನಿನ್ ಕಾರಣ, ಒಣ ಸಿಪ್ಪೆಯ ಹಳದಿಗಂದಿಗೆ ಕ್ವೆರ್ಸೆಟಿನ್ ಕಾರಣ. ಎರಡು ಬೇರೆ ಬೇರೆ ವಸ್ತುಗಳು ಸೇರಿ ಮಾಡಿದ ಬಣ್ಣವನ್ನು ನಾನು ಒಂದೇ ಪೆನ್ಸಿಲಿನಲ್ಲಿ ಹುಡುಕಿದ್ದೆ.

ಅಂದಿನಿಂದ ನನ್ನ ಪದ್ಧತಿ ಸರಳವಾಗಿದೆ. ಮನೆಯಲ್ಲಿ, ಅಂಗಡಿಯಲ್ಲಿ, ಮದುವೆ ಮಂಟಪದಲ್ಲಿ ಯಾರಾದರೂ ಬಣ್ಣದ ಹೆಸರು ಹೇಳಿದರೆ ಬರೆದಿಟ್ಟುಕೊಳ್ಳುತ್ತೇನೆ, ಆಮೇಲೆ ಆ ಹೆಸರಿನ ವಸ್ತುವನ್ನೇ ತಂದು ಮೇಜಿನ ಮೇಲಿಟ್ಟು ಬಿಡಿಸುತ್ತೇನೆ. ಕನ್ನಡದಲ್ಲಿ ಈ ಹೆಸರುಗಳಿಗೆ ಬರವಿಲ್ಲ: ಗಿಳಿಹಸಿರು, ನವಿಲುಕತ್ತು, ಕನಕಾಂಬರ, ಬದನೆಕಾಯಿ, ಇಟ್ಟಿಗೆ, ಕಾಫಿಪುಡಿ, ಲಿಂಬೆಹಳದಿ, ಗಂಧ, ಬೂದಿ. ಎಂ. ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನ ‘ಎಂ. ಎಸ್. ನೀಲಿ’ ಒಂದಕ್ಕೆ ಮಾತ್ರ ಮೇಜಿನ ಮೇಲಿಡಲು ವಸ್ತುವಿಲ್ಲ, ಅದಕ್ಕೆ ಅಮ್ಮನ ಸೀರೆಯ ಸೆರಗೇ ಬೇಕು. ಪೆನ್ಸಿಲಿನ ಮೈಮೇಲಿನ ವಿದೇಶಿ ಹೆಸರುಗಳನ್ನು ಕೆದಕಿದರೂ ಕೊನೆಗೆ ಸಿಗುವುದು ಇಂಥದ್ದೇ: ಸಿಯೆನ್ನಾ ಇಟಲಿಯ ಒಂದು ಊರಿನ ಮಣ್ಣು, ಮ್ಯಾಡರ್ ನಮ್ಮ ಮಂಜಿಷ್ಠದ ಬಳಗದ ಬೇರು, ಇಂಡಿಗೊ ಎಂಬ ಹೆಸರಿನಲ್ಲಿ ನಮ್ಮ ದೇಶವೇ ಅಡಗಿದೆ. ಅವರೂ ಮನೆಯ ಸುತ್ತ ಸಿಕ್ಕಿದ್ದಕ್ಕೇ ಹೆಸರಿಟ್ಟುಕೊಂಡವರು.

ಹೆಸರಿನಲ್ಲಿರುವ ಬಣ್ಣ ವಸ್ತುವಿನಲ್ಲಿ ಇರುವುದಿಲ್ಲ ಎಂಬುದು ಈ ಕೆಲಸದ ನಿಜವಾದ ರುಚಿ. ಬದನೆಕಾಯಿಯನ್ನು ಕಿಟಕಿಯ ಬಳಿ ಇಟ್ಟು ನೋಡಿ. ಅದರ ಹೊಟ್ಟೆಯ ಮೇಲೆ ನಮ್ಮ ಮುಲುಂಡಿನ ಮನೆಯ ಕಿಟಕಿ ಸರಳುಗಳ ಸಮೇತ ಬಿಳಿನೀಲಿಯಾಗಿ ಕುಳಿತಿರುತ್ತದೆ, ಕೆಳಬದಿಗೆ ಮೇಜಿನ ಹಳದಿ ಮರ ಪ್ರತಿಫಲಿಸಿ ಒಂದು ತಾಮ್ರದ ಗೆರೆ ಮೂಡಿರುತ್ತದೆ, ತೊಟ್ಟಿನ ಹಸಿರು ಟೋಪಿಯ ಅಡಿಯಲ್ಲಿ, ಬಿಸಿಲು ತಾಗದ ಜಾಗದಲ್ಲಿ, ಬಹುತೇಕ ಬಿಳಿಯೇ. ಬದನೆಕಾಯಿ ಬಣ್ಣ ಎನ್ನುವುದು ಉಳಿದ ಜಾಗದಲ್ಲಿ ಮಾತ್ರ. ಅದನ್ನು ಮುಗಿಸಿ ಅಮ್ಮನಿಗೆ ತೋರಿಸಿದಾಗ ಅವಳು ಕನ್ನಡಕ ಸರಿಮಾಡಿಕೊಂಡು, ‘ಇದು ನಿನ್ನೆಯ ಬದನೆಕಾಯಿ’ ಎಂದಳು. ನಿಜವೇ, ಎರಡನೆಯ ದಿನಕ್ಕೆ ಹೊಳಪು ಇಳಿದಿತ್ತು, ನಾನು ಇಳಿದದ್ದನ್ನೇ ಬಿಡಿಸಿದ್ದೆ.

ಮುಂಬಯಿಯಲ್ಲಿ ಬಣ್ಣದ ಪಾಠ ಉಚಿತವಾಗಿ ಸಿಗುವ ಒಂಬತ್ತು ದಿನಗಳಿವೆ. ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣವೆಂದು ಪತ್ರಿಕೆಗಳು ಮೊದಲೇ ಪಟ್ಟಿ ಪ್ರಕಟಿಸುತ್ತವೆ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಆ ದಿನ ಎಲ್ಲರೂ ಅದೇ ಬಣ್ಣ. ಹಸಿರಿನ ದಿನ ಬೆಳಿಗ್ಗೆ ನನ್ನ ಡಬ್ಬಿಯಲ್ಲಿ ಮೂವತ್ತು ಜನ ಹಸಿರು ತೊಟ್ಟಿದ್ದರೆ, ಮೂವತ್ತು ಹಸಿರು. ನೈಲಾನಿನ ಹಸಿರು ಬೆಳಕನ್ನು ತಿರುಗಿಸಿ ಎಸೆಯುತ್ತದೆ, ಹತ್ತಿಯ ಹಸಿರು ಹೀರಿಕೊಳ್ಳುತ್ತದೆ, ಹಳೆಯ ರೇಷ್ಮೆ ಮಡಿಕೆಯೊಂದರಲ್ಲಿ ಹಸಿರಾಗಿ ಪಕ್ಕದ ಮಡಿಕೆಯಲ್ಲಿ ಕೆಂಪಾಗುತ್ತದೆ, ಯಾಕೆಂದರೆ ಅದರ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ‘ಮೋರ್‌ಪಂಖಿ’ಯ, ಅಂದರೆ ನವಿಲುಗರಿ ಬಣ್ಣದ, ದಿನವಂತೂ ಭಾಂಡುಪಿನಿಂದ ಕುರ್ಲಾದವರೆಗೆ, ಅದು ನೀಲಿಯೋ ಹಸಿರೋ ಎಂಬ ಚರ್ಚೆ ಮುಗಿಯಲಿಲ್ಲ. ರೈಲಿನಲ್ಲಿ ಪೆನ್ಸಿಲು ತೆಗೆಯಲು ಜಾಗವಿಲ್ಲ. ನಾನು ಚಿಕ್ಕ ಡೈರಿಯಲ್ಲಿ ಮಾತಿನಲ್ಲೇ ಗುರುತು ಹಾಕಿಕೊಳ್ಳುತ್ತೇನೆ: ‘ಹೀರೆಕಾಯಿ ಹಸಿರು, ಮಡಿಕೆಯಲ್ಲಿ ಹುಣಸೆ’, ‘ಪಾಚಿ, ಬೆಳಕಿಗೆ ಸಾಸಿವೆ’. ಮನೆಗೆ ಬಂದು ಪೆನ್ಸಿಲು ಹಿಡಿದಾಗ ಈ ಗುರುತುಗಳು ಮೊಬೈಲಿನ ಫೋಟೋಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ, ಏಕೆಂದರೆ ಮೊಬೈಲು ಎಲ್ಲ ಹಸಿರನ್ನೂ ತನಗೆ ಬೇಕಾದ ಒಂದೇ ಹಸಿರಿಗೆ ಎಳೆಯುತ್ತದೆ.

ಶಾಲೆಯ ಪೆಟ್ಟಿಗೆಯ ಬಿಳಿ ಪೆನ್ಸಿಲು ಯಾಕೆ ಮುಗಿಯುತ್ತಿರಲಿಲ್ಲ ಎಂಬುದು ಮಲ್ಲಿಗೆಯಿಂದ ತಿಳಿಯಿತು. ಉಡುಪಿಯ ಶಂಕರಪುರದ ಕಡೆಯಿಂದ ಕಟ್ಟಿದ ಮಲ್ಲಿಗೆ ರಾತ್ರೋರಾತ್ರಿ ಮುಂಬಯಿಗೆ ಬರುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವೂ ಹೂವಿನೊಂದಿಗೇ ಬರುತ್ತದೆ. ಮಾಟುಂಗಾದ ಹೂವಿನವರಲ್ಲಿ ಒಂದು ಗೇಣು ಕೊಂಡು ತಂದು ಬಿಳಿ ಕಾಗದದ ಮೇಲಿಟ್ಟೆ. ಬಿಳಿ ಪೆನ್ಸಿಲು ಬಿಳಿ ಕಾಗದದ ಮೇಲೆ ಕಾಣುವುದಿಲ್ಲ, ಗಾಢ ಬಣ್ಣದ ಮೇಲೂ ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಮಲ್ಲಿಗೆ ಬಿಡಿಸುವುದೆಂದರೆ ಮಲ್ಲಿಗೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಡಿಸುವುದು. ಮೊಗ್ಗಿನ ಬುಡದ ತಿಳಿಹಸಿರು, ಎರಡು ಎಸಳಿನ ನಡುವಿನ ನಸುನೇರಳೆ ನೆರಳು, ಬಾಳೆನಾರಿನ ಮಾಸಲು ಬಣ್ಣ ಇಷ್ಟನ್ನೂ ಹಾಕಿ ಮುಗಿಸಿದಾಗ, ಮುಟ್ಟದೆ ಬಿಟ್ಟ ಕಾಗದವೇ ಹೂವಾಗಿತ್ತು. ಸಂಜೆಯಾಗುತ್ತಿದ್ದಂತೆ ಎಸಳಿನ ಅಂಚು ಕಂದುತ್ತ ಬಂದದ್ದರಿಂದ ದಾರದ ಎಡಗಡೆಯ ಹೂಗಳು ಬೆಳಗಿನವು, ಬಲಗಡೆಯವು ಸಂಜೆಯವು. ಹಾಗೆಯೇ ಬಿಟ್ಟಿದ್ದೇನೆ. ಉಡುಪಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಇದೇ ನಗರದಲ್ಲಿ ಬಾಳಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ರೇಖೆಗಳನ್ನು ನೋಡಿದಾಗ, ಒಂದೇ ಎಳೆತದಲ್ಲಿ ನರ್ತಕಿ ಎದ್ದು ನಿಂತದ್ದು ಕಂಡು ನನಗೆ ಹೊಟ್ಟೆಕಿಚ್ಚಾಗುವುದುಂಟು. ನನ್ನದು ಒಂದು ಗೇಣು ಹೂವಿಗೆ ಒಂದು ಇಡೀ ದಿನ ತೆಗೆದುಕೊಳ್ಳುವ ಕೈ.

ಒಂದು ತಪ್ಪನ್ನೂ ಹೇಳಿಬಿಡಬೇಕು. ಸಂಬಂಧಿಕರ ಗೃಹಪ್ರವೇಶಕ್ಕೆ ತಾವರೆಯ ಚಿತ್ರವೊಂದನ್ನು ಕೊಟ್ಟಿದ್ದೆ. ಒಂದು ಅಂಗಡಿಯಲ್ಲಿ ‘ಆರ್ಟಿಸ್ಟರ ದರ್ಜೆ’ ಎಂದು ಹೇಳಿ ಕೊಟ್ಟ ಅಗ್ಗದ ಗುಲಾಬಿ ಪೆನ್ಸಿಲನ್ನು ಅದಕ್ಕೆ ಧಾರಾಳವಾಗಿ ಬಳಸಿದ್ದೆ. ಎರಡು ವರ್ಷದ ನಂತರ ಅವರ ಮನೆಗೆ ಹೋದರೆ, ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಮೇಲೆ ಎಲೆಗಳು ಹಸಿರಾಗಿಯೇ ಇದ್ದವು, ಹೂವು ಮಾತ್ರ ಹಳೆಯ ಬ್ಯಾಂಡೇಜಿನ ಬಣ್ಣಕ್ಕೆ ಬಂದಿತ್ತು. ಪಾಪ, ಅವರು ಏನೂ ಹೇಳಲಿಲ್ಲ. ಗುಲಾಬಿ, ನೇರಳೆಗಳಲ್ಲಿ ಬೆಳಕಿಗೆ ಮಾಸುವ ವರ್ಣದ್ರವ್ಯಗಳು ಹೆಚ್ಚು. ಒಳ್ಳೆಯ ತಯಾರಕರು ಬೆಳಕು ತಾಳುವ ಶಕ್ತಿಯನ್ನು ಪೆನ್ಸಿಲಿನ ಮೇಲೆಯೇ ಚುಕ್ಕೆಗಳಿಂದಲೋ ನಕ್ಷತ್ರಗಳಿಂದಲೋ ತೋರಿಸುತ್ತಾರೆ. ಈಗ ಹೊಸ ಪೆನ್ಸಿಲು ಬಂದರೆ ಒಂದು ಪಟ್ಟಿ ಬಳಿದು, ಅರ್ಧವನ್ನು ರಟ್ಟಿನಿಂದ ಮುಚ್ಚಿ, ಕಿಟಕಿಗೆ ಅಂಟಿಸಿ ಮೂರು ತಿಂಗಳು ಬಿಡುತ್ತೇನೆ. ಆ ತಾವರೆಯನ್ನು ಬದಲಿಸಿ ಕೊಡುವುದು ಇನ್ನೂ ಬಾಕಿ ಇದೆ.

ಮಳೆಗಾಲದಲ್ಲಿ ಈ ನಗರ ಪೆನ್ಸಿಲಿಗೆ ಹೇಳಿಸಿದ್ದಲ್ಲ. ಕಾಗದ ತೇವ ಕುಡಿದು ಮೆತ್ತಗಾಗುತ್ತದೆ, ಮೊನೆ ತಾಗಿದರೆ ನಾರೇಳುತ್ತದೆ, ಕಟ್ಟುಹಾಕಿಸದೆ ಇಟ್ಟ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ನಾನು ಕಾಗದವನ್ನು ಅಕ್ಕಿಡಬ್ಬಿಯ ಹಾಗೆ ಭದ್ರವಾದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣಗಳೊಂದಿಗೆ ಇಡುತ್ತೇನೆ. ಆದರೆ ಮೋಡದ ಬೆಳಕಿನಲ್ಲಿ ನೆರಳುಗಳು ಕರಗಿ ಬಣ್ಣಗಳು ತುಂಬಿಕೊಳ್ಳುವುದೂ ಇದೇ ಕಾಲದಲ್ಲಿ. ಜೂನ್ ಬಂತೆಂದರೆ ಎದುರಿನ ಕಟ್ಟಡದ ತಾರಸಿಗೆ ನೀಲಿ ತಾಡಪತ್ರಿ ಏರುತ್ತದೆ. ಒದ್ದೆಯಾದಾಗ ಅದು ಆಕಾಶವನ್ನೇ ತೋರಿಸುವುದರಿಂದ ಬೂದಿ, ಒಣಗಿದಾಗ ಮಾತ್ರ ನೀಲಿ. ಅದಕ್ಕೊಂದು ಹೆಸರು ಅಮ್ಮನ ಬಳಿಯೂ ಇರಲಿಲ್ಲ. ‘ಹಾಗೊಂದು ಸೀರೆ ಯಾರು ಉಡುತ್ತಾರೆ’ ಎಂದಳು.

ಈಗ ಮೇಜಿನ ಮೇಲಿರುವುದು ಆಮಸುಲಿ. ಪುನರ್ಪುಳಿಯ ಸಿಪ್ಪೆಯನ್ನು ಉಪ್ಪು ಬೆರೆಸಿದ ಅದರದ್ದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ ಮೂರು ತುಂಡುಗಳು. ದೂರದಿಂದ ಕಪ್ಪು, ದೀಪದ ಎದುರು ಹಿಡಿದರೆ ತೆಳುವಾದ ಅಂಚು ದಾಳಿಂಬೆ ಕಾಳಿನಂತೆ ಕೆಂಪಾಗಿ ಹೊಳೆಯುತ್ತದೆ, ಮಡಿಕೆಗಳಲ್ಲಿ ಉಪ್ಪಿನ ಬಿಳಿ ಹರಳು. ಹರಳುಗಳ ಜಾಗವನ್ನು ಬಾಲ್‌ಪೆನ್ನಿನಿಂದ ಒತ್ತಿಟ್ಟಿದ್ದೇನೆ, ಒಂಬತ್ತು ಪೆನ್ಸಿಲು ಆಗಿದೆ, ಇನ್ನೂ ಎರಡಾದರೂ ಬೇಕು. ನಿನ್ನೆ ರಾತ್ರಿ ಮೂರರಲ್ಲಿ ಒಂದು ತುಂಡು ಕಾಣೆಯಾಗಿತ್ತು. ಕೇಳಿದರೆ, ಸಾರಿಗೆ ಹುಳಿ ಸಾಲದೆ ಹಾಕಿದೆ ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳಿದಳು.