ತೀರ್ಥನ್ ಹೊಳೆಯಲ್ಲಿ ಮತ್ತೆ ಫ್ಲೈ ಗಾಳ

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ ಹುಟ್ಟಿ ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುವ ತೀರ್ಥನ್, ನಕಾಶೆಯಲ್ಲಿ ಹುಡುಕಿ ನೋಡಬೇಕಾದಷ್ಟು ಚಿಕ್ಕ ಹೊಳೆ. ಅಮೆರಿಕದ ಕೊಲರಾಡೊದಲ್ಲಿ ಉದ್ಯೋಗದಲ್ಲಿದ್ದ ವರ್ಷಗಳಲ್ಲಿ, ಹುಳದಂತೆ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯುವ ಫ್ಲೈ ಗಾಳವನ್ನು ಕಲಿತಿದ್ದೆ; ಬೆಂಗಳೂರಿಗೆ ಮರಳಿದ ಮೇಲೆ ಅಟ್ಟ ಸೇರಿದ್ದ ಫ್ಲೈ ರಾಡನ್ನು ನಾನು ಮತ್ತೆ ಕೆಳಗಿಳಿಸಿದ್ದು ಈ ಹೊಳೆಯ ಸಲುವಾಗಿ. ಮಲೆನಾಡಿನ ನಮ್ಮ ಹಳ್ಳಗಳಲ್ಲೇ ಈ ಹವ್ಯಾಸವನ್ನು ಮುಂದುವರಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆದರೆ ನಾನು ಈ ಗಾಳದಿಂದ ಹಿಡಿಯುವ ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಅದು ಮೇವು ಬಿಡತೊಡಗುತ್ತದೆ, 25ರ ಆಚೆಗೆ ಬದುಕುವುದೇ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಹೀಗಾಗಿ ದಕ್ಷಿಣದಲ್ಲಿ ಈ ಮೀನು ನೆಲೆಯೂರಿದ್ದು ನೀಲಗಿರಿ, ಮುನ್ನಾರ್‌ಗಳಂತಹ ಎತ್ತರದ ಕಡೆಗಳಲ್ಲಿ ಮಾತ್ರ.

ತೀರ್ಥನ್‌ನಲ್ಲಿರುವುದು ಬ್ರೌನ್ ಟ್ರೌಟ್, ಯುರೋಪಿನ ಮೀನು. ಸ್ಕಾಟ್ಲೆಂಡ್‌ನಿಂದ ಹಡಗಿನಲ್ಲಿ ತಂದ ಮೊಟ್ಟೆಗಳು 1900ರಲ್ಲಿ ಕಾಶ್ಮೀರದಲ್ಲಿ ಮರಿಯಾದವು. ಅಲ್ಲಿಂದ ತಂದ ಮೊಟ್ಟೆಗಳನ್ನು ಜಿ. ಸಿ. ಎಲ್. ಹೋವೆಲ್ ಎಂಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ಕುಲ್ಲು ಕಣಿವೆಯಲ್ಲಿ ಮರಿ ಮಾಡಿಸಿದರು. ಹಾಗೆ ಬಿಟ್ಟ ಮೀನು ಬಿಯಾಸ್‌ಗೂ ಅದರ ಉಪನದಿಗಳಿಗೂ ಹಬ್ಬಿ, ಈಗ ಯಾರ ನೆರವೂ ಇಲ್ಲದೆ ತೀರ್ಥನ್‌ನ ಜಲ್ಲಿಯಲ್ಲೇ ಮೊಟ್ಟೆಯಿಟ್ಟು ವಂಶ ಬೆಳೆಸುತ್ತಿದೆ.

ಎರೆಹುಳುವಿನ ಗಾಳ ಹಾಕಿ ಬೆಳೆದವರಿಗೆ ಫ್ಲೈ ಗಾಳದ ಲೆಕ್ಕಾಚಾರವೇ ಬೇರೆ ಎನಿಸುತ್ತದೆ. ನಮ್ಮ ಗಾಳದಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ಹಿಂಬಾಲಿಸುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ನೂಲು, ಪುಕ್ಕ, ಕೂದಲುಗಳನ್ನು ಸುತ್ತಿ ಹುಳದ ಆಕಾರ ಕೊಟ್ಟ ವಸ್ತು; ಊದಿದರೆ ಹಾರುವಷ್ಟು ಹಗುರ. ಅದನ್ನು ಎಸೆಯಲಾಗದು. ಆದ್ದರಿಂದ ಭಾರವನ್ನು ದಾರಕ್ಕೇ ಕೊಟ್ಟಿರುತ್ತಾರೆ: ದಪ್ಪನೆಯ ಲೈನನ್ನು ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ರಾಡ್ ಬಾಗಿದ ಬಲದಲ್ಲೇ ಮುಂದಕ್ಕೆ ಬೀಸಿದಾಗ, ಲೈನಿನ ತುದಿಯ ತೆಳುವಾದ ಲೀಡರ್ ನೆಟ್ಟಗಾಗಿ ಫ್ಲೈ ಸದ್ದಿಲ್ಲದೆ ನೀರಿಗಿಳಿಯುತ್ತದೆ. ಈ ಬೀಸುವಿಕೆ ನೋಡಲು ಸೊಗಸಾಗಿರುವುದರಿಂದಲೇ ಜನ ಅದಕ್ಕೆ ಮಾರುಹೋಗುತ್ತಾರೆ. ಕೊಲರಾಡೊದಲ್ಲಿ ಕಲಿಯುವಾಗ ಪಾರ್ಕಿನ ಹುಲ್ಲಿನ ಮೇಲೆ ನಿಂತು ಅರವತ್ತು ಅಡಿ ದೂರಕ್ಕೆ ಲೈನ್ ಬಿಡುವುದೇ ನಮ್ಮ ನಡುವೆ ಪ್ರತಿಷ್ಠೆಯ ವಿಷಯವಾಗಿತ್ತು.

ಗುಡ್ಡದ ತೊರೆಯಲ್ಲಿ ಈ ವಿದ್ಯೆಗೆ ಬೆಲೆಯಿಲ್ಲ ಎಂಬುದೇ ತೀರ್ಥನ್ ನನಗೆ ಕೊಟ್ಟ ಸಂತೋಷ. ಗುಶೈನಿ ಎಂಬ ಹಳ್ಳಿಯಿಂದ ಕೆಳಕ್ಕೆ ಬರುವಾಗ ಹೊಳೆಯ ಎರಡೂ ದಡಗಳಲ್ಲಿ ಆಲ್ಡರ್ ಮರಗಳು ಬಾಗಿ ನಿಂತಿವೆ; ಹಿಂದಕ್ಕೆ ಬೀಸಿದ ಲೈನ್ ಮೊದಲು ಸಿಕ್ಕಿಕೊಳ್ಳುವುದೇ ಅವುಗಳ ಕೊಂಬೆಗೆ. ಮೀನಿರುವುದಾದರೋ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಅಡಿ ದೂರದಲ್ಲಿ. ಕೆಲವು ಕಡೆ ಬೀಸುವ ಪ್ರಶ್ನೆಯೇ ಇಲ್ಲ: ಫ್ಲೈಯನ್ನು ಕೊಕ್ಕೆಯ ಬಾಗಿನಲ್ಲಿ ಎರಡು ಬೆರಳಿನಿಂದ ಹಿಡಿದೆಳೆದು, ರಾಡನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟುಬಿಡಬೇಕು. ಇದಕ್ಕೆ ಉದ್ದನೆಯ ರಾಡಿಗಿಂತ ಏಳೂವರೆ ಅಡಿಯ ಸಣ್ಣ ರಾಡೇ ಅನುಕೂಲ.

ನೀರಿಗಿಳಿದ ಮೇಲೆ ನಾನು ಮೊದಲು ಮಾಡುವ ಕೆಲಸ ಮೊಣಕಾಲುದ್ದದ ನೀರಿನಿಂದ ಒಂದು ಕಲ್ಲನ್ನೆತ್ತಿ ತಿರುಗಿಸಿ ನೋಡುವುದು. ಅಂಗೈಯಗಲದ ಕಲ್ಲಾದರೂ ಸಾಕು. ಅದರ ತಳಭಾಗದಲ್ಲಿ ಮೇಫ್ಲೈ ಎಂಬ ಕೀಟದ ಚಪ್ಪಟೆ ಮೈಯ ಮರಿಗಳು ಬೆಳಕಿಗೆ ಬೆದರಿ, ಏಡಿಯ ಹಾಗೆ ಅಡ್ಡಡ್ಡಲಾಗಿ ಸರಿದು ಅಂಚಿನಾಚೆ ಮರೆಯಾಗುತ್ತವೆ. ಅವುಗಳ ಪಕ್ಕದಲ್ಲೇ, ಮರಳಿನ ಕಣಗಳನ್ನು ತಮ್ಮದೇ ರೇಷ್ಮೆಯಂತಹ ಎಳೆಯಿಂದ ಅಂಟಿಸಿ ಕಟ್ಟಿಕೊಂಡ ಕೊಳವೆಗಳೊಳಗೆ ಕ್ಯಾಡಿಸ್ ಹುಳಗಳು ಕುಳಿತಿರುತ್ತವೆ. ಬೆರಳಿನಿಂದ ಮುಟ್ಟಿದರೆ ಕಪ್ಪು ತಲೆ ಒಳಕ್ಕೆ ಸರಿಯುತ್ತದೆ, ತುಸು ಹೊತ್ತು ಬಿಟ್ಟರೆ ಮತ್ತೆ ಇಣುಕುತ್ತದೆ. ಟ್ರೌಟ್‌ನ ಆಹಾರದ ಬಹುಪಾಲು ಹೀಗೆ ನೀರಿನೊಳಗೇ ಇರುತ್ತದೆ. ಹುಳ ರೆಕ್ಕೆ ಬಂದು ಮೇಲಕ್ಕೇರುವ ಸ್ವಲ್ಪ ಹೊತ್ತು ಮಾತ್ರ ಮೀನು ಮೇಲ್ಮೈಗೆ ಬಂದು ಹಿಡಿಯುವ ನೋಟ ನಮಗೆ ಸಿಗುವುದು. ಆದ್ದರಿಂದ ನನ್ನ ಡಬ್ಬಿಯಲ್ಲಿ ಹೆಚ್ಚಾಗಿರುವುದು ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ರೂಪಿಸಿದ ಫೆಸೆಂಟ್ ಟೇಲ್ ಎಂಬ ಫ್ಲೈ. ಫೆಸೆಂಟ್ ಹಕ್ಕಿಯ ಬಾಲದ ಪುಕ್ಕವನ್ನು ನೂಲಿನ ಬದಲು ಕೂದಲೆಳೆಯಂತಹ ತಾಮ್ರದ ತಂತಿಯಿಂದ ಬಿಗಿದು ಕಟ್ಟಿದ್ದರಿಂದ ಅದು ತಾನಾಗಿ ಮುಳುಗುತ್ತದೆ. ಇಷ್ಟು ಸರಳವಾದ, ಇಷ್ಟು ಬುದ್ಧಿವಂತಿಕೆಯ ವಸ್ತು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನೀರನ್ನು ಓದುವ ಮಾತು. ಟ್ರೌಟ್ ಸದಾ ಸೆಳವಿಗೆ ಮುಖಮಾಡಿ ನಿಂತಿರುತ್ತದೆ, ಆದ್ದರಿಂದ ನಾವು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಮೇಲಕ್ಕೆ ಏರಬೇಕು. ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ನೀರಿನಲ್ಲಿ ನಿಂತರೆ ಮೀನಿಗೆ ಶ್ರಮ ಹೆಚ್ಚು. ಆಳವಾದ ನಿಂತ ನೀರಿನಲ್ಲಿ ಆಹಾರ ತೇಲಿ ಬರುವುದು ಕಡಿಮೆ. ಎರಡರ ನಡುವಿನ ಗೆರೆಯಲ್ಲಿ, ಅಂದರೆ ವೇಗದ ಸೆಳವಿಗೆ ತಾಗಿಕೊಂಡಿರುವ ಮಂದ ನೀರಿನಲ್ಲಿ ಅದು ನಿಲ್ಲುತ್ತದೆ. ದೊಡ್ಡ ಬಂಡೆಯ ಹಿಂದಷ್ಟೇ ಅಲ್ಲ, ಮುಂದೆಯೂ ಅಂತಹ ಒಂದು ಮೆತ್ತನೆಯ ಜಾಗ ಇರುತ್ತದೆ. ಬಹಳ ಮಂದಿ ಅದನ್ನು ಗಮನಿಸದೆ ದಾಟಿ ಹೋಗುತ್ತಾರೆ.

ಜಾಗ ಗೊತ್ತಾದ ಮೇಲೂ ಕಷ್ಟ ಮುಗಿಯುವುದಿಲ್ಲ. ಫ್ಲೈ ಬಿದ್ದಿರುವುದು ಮಂದ ನೀರಿನಲ್ಲಿ, ಲೈನ್ ಬಿದ್ದಿರುವುದು ನಡುವಿನ ವೇಗದ ನೀರಿನ ಮೇಲೆ. ಕ್ಷಣಾರ್ಧದಲ್ಲಿ ಸೆಳವು ಲೈನನ್ನು ಕೆಳಕ್ಕೆ ಬಾಗಿಸಿ ಎಳೆಯುತ್ತದೆ, ಫ್ಲೈ ನೀರಿನ ಮೇಲೆ ಗೀರು ಎಳೆಯುತ್ತ ಓಡುತ್ತದೆ, ಹಾಗೆ ಓಡುವ ಹುಳವನ್ನು ಟ್ರೌಟ್ ಎಂದೂ ಕಂಡಿಲ್ಲವಾದ್ದರಿಂದ ಅದು ಬಂಡೆಯಡಿಗೆ ಸರಿದುಬಿಡುತ್ತದೆ. ಇದಕ್ಕೆ ಉಪಾಯವೆಂದರೆ ಆದಷ್ಟು ಹತ್ತಿರ ಹೋಗಿ, ಮಂಡಿಯೂರಿ, ರಾಡಿನ ತುದಿಯನ್ನು ಎತ್ತಿ ಹಿಡಿದು, ಲೈನ್ ನೀರಿಗೆ ತಾಗದಂತೆ ಲೀಡರ್ ಮಾತ್ರ ತಾಗುವಂತೆ ನೋಡಿಕೊಳ್ಳುವುದು. ಆಗ ಫ್ಲೈ ನೀರಿನ ವೇಗದಲ್ಲೇ ಮೂರು ನಾಲ್ಕು ಅಡಿ ತೇಲುತ್ತದೆ. ಮೀನು ಹಿಡಿಯುವುದಾದರೆ ಅಷ್ಟರಲ್ಲೇ ಹಿಡಿಯುತ್ತದೆ.

ತೀರ್ಥನ್‌ನಲ್ಲಿ ನನಗೆ ಸಿಗುವ ಮೀನುಗಳು ಬಹುಮಟ್ಟಿಗೆ ಗೇಣುದ್ದದವು. ಬೆಣ್ಣೆಯ ಬಣ್ಣದ ಹೊಟ್ಟೆ, ಕಂದು ಬೆನ್ನು, ಪಕ್ಕೆಯಲ್ಲಿ ಕಪ್ಪು ಚುಕ್ಕೆಗಳ ನಡುವೆ ತಿಳಿಬಣ್ಣದ ವೃತ್ತದೊಳಗೆ ಕೂತ ಕೆಂಪು ಚುಕ್ಕೆಗಳು. ತುದಿಯಲ್ಲಿ ಹಿಮ್ಮುಖ ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸುತ್ತೇನೆ, ಕೈಯನ್ನು ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಹೊರತೆಗೆಯದೆಯೇ ಬಿಡಿಸುತ್ತೇನೆ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಸೋಂಕು ತಗಲುವ ಅಪಾಯವಿದೆ. ತಿನ್ನಲು ಬೇಕಾದರೆ ಕಣಿವೆಯ ಸಾಕಣೆ ತೊಟ್ಟಿಗಳಲ್ಲಿ ರೇನ್‌ಬೋ ಟ್ರೌಟ್ ಸಿಗುತ್ತದೆ, ರುಚಿಗೆ ಕೊರತೆಯಿಲ್ಲ.

ಹೊಳೆಯ ಬ್ರೌನ್ ಟ್ರೌಟ್ ಹೊರಗಿನದು ಎಂಬುದನ್ನು ಮರೆಸಿ ಬರೆಯುವುದು ಸರಿಯಲ್ಲ. ಇಲ್ಲಿನ ಮೂಲ ನಿವಾಸಿ ಸ್ನೋ ಟ್ರೌಟ್. ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಕಾಟ್ಲಾ, ರೋಹುಗಳ ಕಾರ್ಪ್ ಬಳಗಕ್ಕೆ ಸೇರಿದ್ದು, ಬ್ರೌನ್ ಟ್ರೌಟ್ ಅದರ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಕೊಡುತ್ತದೆ. ಆದರೆ ಹೊಳೆ ಇವತ್ತಿಗೂ ಅಡ್ಡಗಟ್ಟೆಯಿಲ್ಲದೆ ಹರಿಯುತ್ತಿರುವುದಕ್ಕೆ ಟ್ರೌಟ್ ಸಹ ಒಂದು ಕಾರಣ. ಕಿರು ಜಲವಿದ್ಯುತ್ ಯೋಜನೆಗಳ ಸರಮಾಲೆಯೇ ತೀರ್ಥನ್ ಮೇಲೆ ಬರಲಿದ್ದಾಗ, ಮಾಜಿ ಶಾಸಕ ದಿಲಾರಾಮ್ ಶಬಾಬ್ ಮತ್ತು ಊರಿನವರು ಅದನ್ನು ವಿರೋಧಿಸಿ ಹೈಕೋರ್ಟಿನವರೆಗೆ ಹೋಗಿ ಗೆದ್ದರು; ಟ್ರೌಟ್ ಇರುವ ಹೊಳೆ ಎಂಬುದು ಅವರ ವಾದದಲ್ಲಿ ಸೇರಿತ್ತು. ಪಕ್ಕದ ಸೈಂಜ್ ಕಣಿವೆಗೆ ಹೋಗಿ ಅಲ್ಲಿನ ಅಣೆಕಟ್ಟುಗಳನ್ನು ನೋಡಿ ಬಂದರೆ ಆ ಗೆಲುವಿನ ತೂಕ ತಿಳಿಯುತ್ತದೆ.

ಹೋಗಬಯಸುವವರಿಗೆ ಕೆಲವು ಮಾತು. ನವೆಂಬರ್ ಆರಂಭದಿಂದ ಫೆಬ್ರವರಿ ಕೊನೆಯವರೆಗೆ ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಹಿಮಾಚಲದಲ್ಲಿ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆ; ಉಳಿದ ಸಮಯದಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಜುಲೈ, ಆಗಸ್ಟ್ ತಿಂಗಳಲ್ಲಿ ಮಳೆಯಿಂದ ಹೊಳೆ ಕೆಸರಾಗಿರುವುದಲ್ಲದೆ ಪ್ರವಾಹದ ಭಯವೂ ಇರುತ್ತದೆ. ಮೇ ಕೊನೆಯಲ್ಲಿ ಹೋದರೆ ಬೆಳಿಗ್ಗೆ ಬೇಗ ನೀರಿಗಿಳಿಯಿರಿ, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಮೇಲಿನ ಹಿಮ ಕರಗಿ ನೀರು ಏರಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಫ್ಲೈ ಮೀನಿಗೂ ಕಾಣದು, ನಿಮಗೂ ಕಾಣದು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ನೀರು ತಿಳಿಯಾಗಿ ಇಳಿದಿರುತ್ತದೆ. ನಾನು ಹೋಗುವುದು ಹೆಚ್ಚಾಗಿ ಆಗಲೇ.