ಹಿಂಜ್ ಕೀಳೋ ಮುಂಚೆ ಬೆನ್ನು ನೋಡಿ

ಹಳೆ ಸ್ಟಾಂಪ್ ಆಲ್ಬಂ ಅಂಗಡಿಗೆ ಬಂದರೆ ಮೊದಲು ನನ್ನ ಮೇಜಿಗೆ ಬರುತ್ತದೆ. ಯಜಮಾನರು ಬೆಲೆ ಹೇಳುವ ಮುಂಚೆ ಒಂದೊಂದು ಅಂಚೆ ಚೀಟಿಯ ಬೆನ್ನನ್ನೂ ನೋಡಿ ಬರೆದಿಡುವುದು ನನ್ನ ಕೆಲಸ. ಅದರಲ್ಲಿ ಅರ್ಧ ಹೊತ್ತು ಹೋಗೋದು ಹಿಂಜ್‌ಗಳ ಜೊತೆಗೇ.

ಹಿಂಜ್ ಅಂದರೆ ಗೊತ್ತಲ್ವಾ? ಒಂದು ಬದಿಗೆ ಅಂಟು ಸವರಿದ ಪುಟ್ಟ ತೆಳು ಕಾಗದ. ಮಡಚಿ ಒಂದು ತುದಿಯನ್ನು ಚೀಟಿಗೆ, ಇನ್ನೊಂದನ್ನು ಪುಟಕ್ಕೆ ಅಂಟಿಸುತ್ತಿದ್ದರು. ಒಳ್ಳೆ ಹಿಂಜ್ ಆದರೆ ಒಣಗಿದ ಮೇಲೆ ಸಲೀಸಾಗಿ ಬಿಡುತ್ತದೆ. ಆದರೆ ಸ್ಟಾಂಪ್ ಹಾಳೆಯ ಅಂಚಿನ ಪಟ್ಟಿಯನ್ನೇ ಕತ್ತರಿಸಿ ಹಿಂಜ್ ಮಾಡಿಕೊಂಡವರೂ ಇದ್ದರು. ಅಂಥವು ಕಚ್ಚಿಕೊಂಡೇ ಇರುತ್ತವೆ. ಕೈ ಬದಲಾದ ಚೀಟಿಯಲ್ಲಂತೂ ಒಂದರ ಮೇಲೊಂದು ಮೂರು ನಾಲ್ಕು ಪದರ ಸಿಗುತ್ತದೆ.

ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಒಂದು ಚೀಟಿ ತಂದ. 1948ರ ಗಾಂಧಿ ಸರಣಿಯ ಹನ್ನೆರಡು ಆಣೆಯದು, ಮಿಂಟ್, ಅಂದರೆ ಬಳಸದೆ ಅಂಟು ಹಾಗೇ ಇರುವುದು. ಬೆನ್ನಿನ ಮೇಲೆ ಅರ್ಧ ಹರಿದ ಹಿಂಜ್.

"ಅಣ್ಣಾ, ಇದನ್ನ ಎಳೆದುಬಿಡ್ಲಾ?"

"ಯಾಕೆ ಎಳೀಬೇಕು ಹೇಳು."

"ಚೆನ್ನಾಗಿ ಕಾಣಲ್ಲ, ಅದಕ್ಕೆ."

ಆ ಸರಣಿ ಸ್ವಿಟ್ಜರ್ಲೆಂಡಿನ ಕೂರ್ವಾಜಿಯೆ ಮುದ್ರಣಾಲಯದಲ್ಲಿ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾಗಿದ್ದು. ಬಿಡುಗಡೆಯಾದದ್ದು ಆ ವರ್ಷದ ಆಗಸ್ಟ್ 15ಕ್ಕೆ. ಹಿಂಜ್ ತಾಕದ ಮಿಂಟ್ ಆದರೆ ಬೆಲೆ ಬಹಳ ಜಾಸ್ತಿ. ಆದರೆ ಒಮ್ಮೆ ಹಿಂಜ್ ಬಿತ್ತು ಅಂದರೆ, ನೀವು ಎಷ್ಟು ನಾಜೂಕಾಗಿ ತೆಗೆದರೂ ಅಂಟಿನ ಮೇಲೆ ಗುರುತು ಉಳಿಯುತ್ತದೆ. ಅಂದಮೇಲೆ ತೆಗೆಯೋದರಿಂದ ಬರುವ ಲಾಭ ಸ್ವಲ್ಪವೇ. ಎಳೆಯುವಾಗ ಚೀಟಿಯ ಕಾಗದದ ಪದರವೇ ಕಿತ್ತು ಬಂದರೆ ಮಾತ್ರ ಕಥೆ ಮುಗಿಯಿತು. ಅದಕ್ಕೆ ನಾವು 'ಥಿನ್' ಅನ್ನುತ್ತೇವೆ. ಬೆಳಕಿಗೆ ಹಿಡಿದರೆ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಹಿಂಜ್ ಚೂರು ಉಳಿದ ಚೀಟಿಯನ್ನು ಕೊಳ್ಳುವವರು ಸಿಗುತ್ತಾರೆ, ಥಿನ್ ಆದದ್ದನ್ನು ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ಇಟ್ಟುಬಿಡುತ್ತಾರೆ. ಹಾಗಾಗಿ ಗಟ್ಟಿಯಾಗಿ ಕೂತ ಹಿಂಜ್ ಮಿಂಟ್ ಮೇಲಿದ್ದರೆ ನಾನು ಸುಮ್ನೆ ಬಿಟ್ಟುಬಿಡುತ್ತೇನೆ. ಹರಿದ ಅಂಚನ್ನೋ, ಅಂಚಿನ ತೂತುಗಳ ನಡುವಿನ ಸಡಿಲವಾದ ಹಲ್ಲನ್ನೋ ಹಿಂಜೇ ಹಿಡಿದುಕೊಂಡಿದ್ದರೂ ಅಷ್ಟೇ.

ತೆಗೆಯಲೇಬೇಕಾದಾಗ ಹೀಗೆ ಮಾಡುತ್ತೇನೆ. ಚೀಟಿಯನ್ನು ಬೋರಲು ಹಾಕಿ, ಚಪ್ಪಟೆ ತುದಿಯ ಚಿಮಟದಿಂದ ಹಿಂಜ್‌ನ ಬಿಡಿ ತುದಿ ಹಿಡಿಯಬೇಕು. ಮೇಲಕ್ಕೆ ಎತ್ತಬಾರದು. ಹಿಂದಕ್ಕೆ ಮಡಚಿ, ಚೀಟಿಯ ಮೈಗೆ ಒರಗಿಕೊಂಡಂತೆ ಎಳೆಯಬೇಕು. ಸಪ್ಪಳವಿಲ್ಲದೆ ಜಾರಿ ಬಂದರೆ ಸರಿ. 'ಚರ್' ಅಂದಿತೋ, ಅಲ್ಲಿಗೆ ನಿಲ್ಲಿಸಿ. ಚೀಟಿಯ ನಾರು ಏಳುವ ಸದ್ದು ಅದು. ಪದರ ಜಾಸ್ತಿ ಇದ್ದರೆ ಮೇಲಿನದನ್ನು ಮೊದಲು ತೆಗೆದು, ತಳದ ಒಂದನ್ನು ಉಳಿಸಿದರೂ ತೊಂದರೆ ಇಲ್ಲ.

ಹಾಗೆ ಬಿಡದಿದ್ದರೆ ತೇವದ ಡಬ್ಬಿ. ಮುಚ್ಚಳ ಬಿಗಿಯಾದ ಡಬ್ಬಿಯ ತಳಕ್ಕೆ ಒದ್ದೆ ಸ್ಪಂಜು, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಮುಖ ಕೆಳಗಾಗಿ ಚೀಟಿ. ನೀರು ಚೀಟಿಗೆ ತಾಗಲೇಬಾರದು, ಬರೀ ಹಸಿ ಗಾಳಿ ಸಾಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಹಿಂಜ್‌ನ ಮೂಲೆಯನ್ನು ಚಿಮಟದಿಂದ ಮುಟ್ಟಿ ನೋಡುತ್ತೇನೆ. ತೊಡಕು ಏನಂದರೆ, ಆ ಹಸಿಗೆ ಚೀಟಿಯ ಸ್ವಂತ ಅಂಟೂ ಮೆತ್ತಗಾಗುತ್ತದೆ. ಮರೆತರೆ ಅಂಟಿನ ಮೇಲೆ ಬೆರಳಿನ ಅಚ್ಚು ಬೀಳುತ್ತದೆ. ಮಿಂಟ್‌ಗೆ ಡಬ್ಬಿ ಬೇಡ ಅನ್ನುವ ಹಿರಿಯರೂ ಇದ್ದಾರೆ, ಅವರ ಮಾತು ಪೂರ್ತಿ ತಪ್ಪಲ್ಲ. ಮಳೆಗಾಲದಲ್ಲಿ ಮಂಗಳೂರು ಕಡೆಯಿಂದ ಬರುವ ಆಲ್ಬಂ ನೋಡಿದರೆ ಗೊತ್ತಾಗುತ್ತದೆ, ಡಬ್ಬಿಯೇ ಬೇಡ, ಹವಾನೇ ಆ ಕೆಲಸ ಮಾಡಿ ಚೀಟಿಗಳನ್ನು ಪುಟಕ್ಕೆ ಮೆತ್ತಿಬಿಟ್ಟಿರುತ್ತದೆ.

ಸೀಲ್ ಬಿದ್ದ ಹಳೆ ಚೀಟಿಗಳಲ್ಲಿ ಅಂಟಿನ ಚಿಂತೆ ಇಲ್ಲ. ಉಗುರುಬೆಚ್ಚಗಿನ ನೀರಲ್ಲಿ ತೇಲಿಬಿಟ್ಟರೆ ಹಿಂಜ್ ತಾನೇ ಕಳಚಿಕೊಳ್ಳುತ್ತದೆ. ಬ್ಲಾಟಿಂಗ್ ಪೇಪರ್ ಮೇಲೆ ಬೋರಲು ಒಣಗಿಸಿ, ಪುಸ್ತಕದಡಿ ಇಟ್ಟರಾಯಿತು. ಆದರೆ ಎಲ್ಲವನ್ನೂ ಒಟ್ಟಿಗೆ ಬಟ್ಟಲಿಗೆ ಸುರಿಯೋರನ್ನು ಕಂಡರೆ ನನಗೆ ಕೋಪ ಬರುತ್ತದೆ. ಜಮ್ಮು-ಕಾಶ್ಮೀರ ಸಂಸ್ಥಾನದ ಮೊದಮೊದಲ ಚೀಟಿಗಳಲ್ಲಿ ಎಷ್ಟೋ ನೀರಿನ ಬಣ್ಣದಲ್ಲಿ ಅಚ್ಚಾದವು. ನೀರಿಗೆ ಹಾಕಿದರೆ ಚೀಟಿ ಹೋಗಿ ಬಟ್ಟಲಲ್ಲಿ ಬಣ್ಣ ಉಳಿಯುತ್ತದೆ. ಬ್ರಿಟನ್ನಿನ 1883ರ ಲೈಲಾಕ್ (ತಿಳಿ ನೇರಳೆ) ಮತ್ತು ಹಸಿರು ಚೀಟಿಗಳದ್ದೂ ಅದೇ ಕಥೆ. ಸೀಲನ್ನು ತೊಳೆದು ಮತ್ತೆ ಬಳಸಬಾರದು ಅಂತ ಬೇಕೆಂದೇ ನೀರಿಗೆ ಬಿಡುವ ಶಾಯಿ ಹಾಕಿದ್ದರು. ನೇರಳೆ ಶಾಯಿಯ ಸೀಲ್ ಕಂಡರೂ ನೀರಿನ ಹತ್ತಿರ ಒಯ್ಯಬೇಡಿ.

ವಾಟರ್‌ಮಾರ್ಕ್, ಅಂದರೆ ಕಾಗದದೊಳಗಿನ ಗುರುತು, ನೋಡಲು ಇಟ್ಟ ಬೆಂಜಿನ್ ದ್ರವ ಸುರಿದರೆ ಹಿಂಜ್ ಬಿಡುತ್ತೆ ಅಂತ ಕೆಲವರು ಹೇಳುತ್ತಾರೆ. ನೀರಿಗೆ ಕರಗುವ ಅಂಟಿಗೆ ಬೆಂಜಿನ್ ಏನೂ ಮಾಡಲ್ಲ. ಹುಡುಗ ತಂದ ಗಾಂಧಿ ಚೀಟಿಯಂಥ ಫೋಟೋಗ್ರಾವ್ಯೂರ್ ಮುದ್ರಣಕ್ಕೆ ತಾಗಿದರೆ ಬಣ್ಣವೇ ಕದಡಬಹುದು.

ಕೊನೆಗೆ ಆ ಹನ್ನೆರಡು ಆಣೆಯನ್ನು ಇದ್ದ ಹಾಗೇ ಕವರಿಗೆ ಹಾಕಿಸಿ, ಮೇಲೆ 'ಮಿಂಟ್, ಹಿಂಜ್ ಚೂರು ಇದೆ' ಅಂತ ಬರೆಸಿದೆ. ಹುಡುಗನಿಗೆ ಸಮಾಧಾನ ಆಗಲಿಲ್ಲ. ಪಕ್ಕದಲ್ಲಿದ್ದ, ಬೆನ್ನು ಥಳಥಳ ಅನ್ನುವ ಇನ್ನೊಂದನ್ನು ತೋರಿಸಿ, "ಇದು ಎಷ್ಟು ಚೆನ್ನಾಗಿದೆ ನೋಡಿ ಅಣ್ಣಾ" ಅಂದ. ಅದರ ಹಲ್ಲುಗಳ ತುದಿಯನ್ನು ಭೂತಗನ್ನಡಿಯಲ್ಲಿ ನೋಡು ಅಂದೆ. ನಾರು ಮೆತ್ತಗಿರಬೇಕಾದ ಕಡೆ ಅಂಟು ಹರಿದು ಗಟ್ಟಿಯಾಗಿತ್ತು. ಹಿಂಜ್ ಗುರುತು ಮುಚ್ಚಲು ಯಾರೋ ಹೊಸದಾಗಿ ಅಂಟು ಬಳಿದಿದ್ದರು.