ಮೊಣಕಾಲಿನ ಕೆಳಗೊಂದು ದಿಂಬು

ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗಲೇಬೇಕು ಅಂತ ಹಟ ಹಿಡಿಯುವವರಿಗೆ ನಾನು ಹೇಳುವುದು ಒಂದೇ, ಮೊಣಕಾಲು ಸ್ವಲ್ಪ ಮಡಚಿ, ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ. ತೊಡೆಯ ಹಿಂಭಾಗ ಎಳೆಯುವುದು ಗೊತ್ತಾಗುತ್ತದೆ. ಅಲ್ಲೇ ನಿಲ್ಲಿ. ಉಸಿರು ಹೇಗಿದೆ ನೋಡಿ, ಅದು ಕಟ್ಟಿದ ಹಾಗಾದರೆ ಜಾಸ್ತಿ ಬಗ್ಗಿದ್ದೇವೆ ಅಂತಲೇ ಲೆಕ್ಕ, ಸ್ವಲ್ಪ ಹಿಂದೆ ಬಂದರೆ ಸೋಲೇನೂ ಅಲ್ಲ, ಅಲ್ವಾ?

1918ರಲ್ಲಿ ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಕಾಯಿಲೆಗಳಿಂದ ಬಳಲಿದವರು. ಮರದ ಇಟ್ಟಿಗೆ, ಬೆಲ್ಟು, ಕುರ್ಚಿಗಳನ್ನು ಆಸನಕ್ಕೆ ಆಸರೆಯಾಗಿ ಬಳಸುವ ಕ್ರಮ ಬೆಳೆಸಿದವರೂ ಅವರೇ. ಬಗ್ಗದ ದೇಹಕ್ಕೂ ಆಸನ ಸಿಗುತ್ತದೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ.

ಮನಸ್ಸು ಪಕ್ಕದವರನ್ನು ನೋಡಿ ಗೊಣಗುತ್ತದೆ. ಗೊಣಗಲಿ. ಅದನ್ನು ಬೈಯದೆ ಮತ್ತೆ ಉಸಿರಿಗೆ ಬನ್ನಿ. ಶವಾಸನ ಮಾತ್ರ ತಪ್ಪಿಸಬೇಡಿ, ಅಡುಗೆ ಕೆಲಸ ಕಾಯುತ್ತಿದ್ದರೂ 5 ನಿಮಿಷ ಸುಮ್ನೆ ಮಲಗಿ.